ಒಂದೇ ಪಾತ್ರೆ, ಒಂದು ಬಟ್ಟೆಚೀಲ: ಮನೆಯಲ್ಲಿ ಕಾಳಿನಿಂದ ಬಿಯರ್

ಬಿಯರ್‌ಗೆ ಬೇಕಾದದ್ದು ನೀರು, ಬಾರ್ಲಿ ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್, ಇಷ್ಟೆ. ಆದರೂ ಕಾಳಿನಿಂದಲೇ ಶುರುಮಾಡಿ ಮನೆಯಲ್ಲಿ ಬಿಯರ್ ಮಾಡಬೇಕೆಂದು ಹೊರಟವರಿಗೆ ಬಹುಕಾಲ ಅಡ್ಡಿಯಾಗಿದ್ದದ್ದು ಸಾಮಗ್ರಿಯಲ್ಲ, ಪಾತ್ರೆಪಗಡ. ನೀರು ಕಾಯಿಸಲು ಒಂದು ಹಂಡೆ, ಮಾಲ್ಟ್ ನುಚ್ಚನ್ನು ನೆನೆಹಾಕಿ ಸೋಸಲು ತಳದಲ್ಲಿ ಜಾಲರಿ ಇರುವ ಇನ್ನೊಂದು, ಸೋಸಿ ಬಂದ ರಸವನ್ನು ಕುದಿಸಲು ಮತ್ತೊಂದು. ಇವುಗಳ ನಡುವೆ ನಲ್ಲಿ, ಕೊಳವೆ, ಕೆಲವರ ಮನೆಯಲ್ಲಿ ಪಂಪು ಕೂಡ. 2000ದ ದಶಕದ ನಡುವಿನಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳು ಈ ಮೂರನ್ನೂ ಒಂದಕ್ಕೆ ಇಳಿಸಿದರು. ಕಿಟಕಿ ಪರದೆಗೆ ಬಳಸುವ ವಾಯಿಲ್ ಎಂಬ ತೆಳು ಪಾಲಿಯೆಸ್ಟರ್ ಬಟ್ಟೆಯಲ್ಲಿ ಪಾತ್ರೆಯಗಲದ ಚೀಲ ಹೊಲಿದರು. ಅದನ್ನು ಪಾತ್ರೆಯೊಳಗೆ ಹರವಿ, ನೀರು ಹಾಕಿ, ನುಚ್ಚು ಸುರಿದು, ಹೊತ್ತಾದ ಮೇಲೆ ಚೀಲವನ್ನು ಮೇಲೆತ್ತಿದರು. ಕೆಳಗೆ ಉಳಿದ ರಸ ಅದೇ ಪಾತ್ರೆಯಲ್ಲಿ, ಅದೇ ಒಲೆಯ ಮೇಲೆ ಕುದಿಯಿತು. ಬ್ರೂ ಇನ್ ಎ ಬ್ಯಾಗ್ ಎಂಬ ಈ ಕ್ರಮ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಮುಂದುವರಿಯುವ ಮುನ್ನ ಕಾನೂನಿನ ಮಾತು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಸ್ವಂತ ಬಳಕೆಗೆ ಎಂದರೂ ನಡೆಯುವುದಿಲ್ಲ. ಆದ್ದರಿಂದ ಇಲ್ಲಿರುವ ವಿಧಾನ ಅನುಮತಿ ಇರುವ ದೇಶಗಳಲ್ಲಿ ನೆಲೆಸಿರುವ ವಯಸ್ಕ ಕನ್ನಡಿಗರಿಗೆ. ಬ್ರಿಟನ್‌ನಲ್ಲಿ 1963ರಲ್ಲಿ ಮನೆಬಿಯರ್‌ಗೆ ಪರವಾನಗಿಯ ಅಗತ್ಯವನ್ನು ತೆಗೆದುಹಾಕಿದರು. ಆಸ್ಟ್ರೇಲಿಯಾದಲ್ಲಿ 1970ರ ದಶಕದ ಆರಂಭದಲ್ಲಿ ಗಫ್ ವಿಟ್ಲಮ್ ಸರ್ಕಾರ ನಿರ್ಬಂಧ ಸಡಿಲಿಸಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಮನೆಬಿಯರ್‌ಗೆ ತೆರಿಗೆ ವಿನಾಯಿತಿ ಬಂತು. ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್. ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ಈ ಮೂರು ದೇಶಗಳಲ್ಲೂ ಪರವಾನಗಿ ಇಲ್ಲದೆ ಮಾರುವಂತಿಲ್ಲ, ಬಟ್ಟಿ ಇಳಿಸುವಂತೆಯೂ ಇಲ್ಲ. ಊರಲ್ಲೇ ಇರುವ ಓದುಗರು ಇದನ್ನು ಬೇರೆ ಕಾರಣಕ್ಕೆ ಓದಬಹುದು: ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಗಾಜಿನ ಗೋಡೆಯಾಚೆ ನಿಂತಿರುವ ಆ ದೊಡ್ಡ ಸ್ಟೀಲ್ ಕೊಪ್ಪರಿಗೆಗಳೊಳಗೆ ನಡೆಯುವುದೂ ಇದೇ ಕೆಲಸ.

ಆಸ್ಟ್ರೇಲಿಯಾದಲ್ಲಿ ಹೆಚ್ಚಿನವರು ಶುರುಮಾಡುವುದು ಡಬ್ಬಿಯಿಂದ. ಹಾಪ್ಸ್ ಬೆರೆಸಿದ ಮಾಲ್ಟ್ ಪಾಕದ ಡಬ್ಬಿಯೊಂದು, ಒಂದು ಕಿಲೋ ಸಕ್ಕರೆ, ಬಿಸಿನೀರು, ಯೀಸ್ಟ್. ಇದಕ್ಕೆ ಅಲ್ಲಿ ‘ಕಿಟ್ ಆ್ಯಂಡ್ ಕಿಲೋ’ ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಬಿಯರ್ ಕೂಡ ಆಗುತ್ತದೆ. ಆದರೆ ಸಕ್ಕರೆಯ ಪಾಲು ಅಷ್ಟಿದ್ದರೆ ಬಿಯರ್ ತೆಳ್ಳಗಾಗುತ್ತದೆ. ಯಾವ ಮಾಲ್ಟ್, ಎಷ್ಟು ಕಹಿ, ಕುಡಿದಾಗ ಬಾಯಲ್ಲಿ ಎಷ್ಟು ಮೈ ತುಂಬಿರಬೇಕು ಎನ್ನುವುದೆಲ್ಲ ಡಬ್ಬಿ ತುಂಬಿದವರು ಆಗಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಅಡುಗೆ ಬಲ್ಲವರು ಡಬ್ಬಿಯ ಹಂತ ದಾಟಲೇಬೇಕೆಂದಿಲ್ಲ, ನೇರ ಕಾಳಿಗೇ ಹೋಗಬಹುದು ಎಂಬುದು ನನ್ನ ಅಭಿಪ್ರಾಯ. ಹೊಸಬರಿಗೆ ಬೇಕಾಗುವುದು ದುಬಾರಿ ಯಂತ್ರವಲ್ಲ. ನಂಬಿಕೆಗೆ ಅರ್ಹವಾದ ಒಂದು ಥರ್ಮಾಮೀಟರ್, ನಾಲ್ಕೈದು ಗಂಟೆ ಬಿಡುವು, ಕುದಿ ನಿಂತ ಮೇಲೆ ಕಟ್ಟುನಿಟ್ಟಿನ ಶುಚಿ. ಇವು ಮೂರಿದ್ದರೆ ಮೊದಲ ಬಿಯರೇ ಚೆನ್ನಾಗಿ ಬರುತ್ತದೆ.

ಮಾಲ್ಟ್ ಅಂದರೇನು ಎಂದು ಕನ್ನಡದ ಮನೆಗಳಿಗೆ ಹೆಚ್ಚು ಹೇಳಬೇಕಿಲ್ಲ. ಮಗುವಿನ ಸರಿಗೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರಲ್ಲ, ಬಾರ್ಲಿಗೂ ಅದನ್ನೇ ಮಾಡುತ್ತಾರೆ. ಮೊಳಕೆ ಬರಿಸಿದ ರಾಗಿಹಿಟ್ಟಿನ ಸರಿ ಮಾಮೂಲಿ ಹಿಟ್ಟಿನಷ್ಟು ಗಟ್ಟಿಯಾಗದೆ ತೆಳ್ಳಗೆ, ತುಸು ಸಿಹಿಯಾಗಿ ಇರುವುದಕ್ಕೆ ಕಾರಣ ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ. ಅದು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಸಸಿಗೆ ಆಹಾರ ಒದಗಿಸಲು ಕಾಳು ಮಾಡಿಕೊಂಡ ಏರ್ಪಾಟು ಇದು. ಮಾಲ್ಟ್ ಮಾಡುವವರು ಸರಿಯಾದ ಹಂತದಲ್ಲಿ ಮೊಳಕೆಯನ್ನು ಒಣಗಿಸಿ ನಿಲ್ಲಿಸುತ್ತಾರೆ. ಕಿಣ್ವ ಉಳಿಯುತ್ತದೆ, ಪಿಷ್ಟವೂ ಉಳಿಯುತ್ತದೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರೆ ಗರಿಗರಿಯಾಗಿ ಪುಡಿಯಾಗಿ ನಿಧಾನಕ್ಕೆ ಸಿಹಿ ಬಿಡುತ್ತವೆ. ಕೊಳ್ಳುವ ಮುನ್ನ ಹೀಗೆ ಅಗಿದು ನೋಡುವುದು ಒಳ್ಳೆಯ ಅಭ್ಯಾಸ. ಮೆತ್ತಗಿದ್ದರೆ ಮಾಲ್ಟ್ ತೇವ ಎಳೆದುಕೊಂಡಿದೆ.

ಬಿಸಿನೀರಲ್ಲಿ ಈ ನುಚ್ಚು ನೆನೆಯುವ ಹಂತಕ್ಕೆ ಮ್ಯಾಶ್ ಎಂದೂ ಅದರಿಂದ ಸಿಗುವ ಸಿಹಿ ರಸಕ್ಕೆ ವರ್ಟ್ ಎಂದೂ ಹೆಸರು. ಬಿಯರ್‌ನ ಗುಣ ಬಹುಪಾಲು ತೀರ್ಮಾನವಾಗುವುದು ಇಲ್ಲೇ. ಎರಡು ಕಿಣ್ವಗಳು ಕೆಲಸ ಮಾಡುತ್ತಿರುತ್ತವೆ. ಬೀಟಾ ಅಮೈಲೇಸ್ ಪಿಷ್ಟದ ಸರಪಳಿಯನ್ನು ತುದಿಯಿಂದ ಎರಡೆರಡು ಕೊಂಡಿಯಾಗಿ ಬಿಡಿಸುತ್ತದೆ; ಹಾಗೆ ಬಿಡಿಸಿದ್ದು ಮಾಲ್ಟೋಸ್, ಯೀಸ್ಟ್ ಸುಲಭವಾಗಿ ತಿನ್ನುವ ಸಕ್ಕರೆ. ಇದಕ್ಕೆ 60ರಿಂದ 65 ಡಿಗ್ರಿ ಸೆಲ್ಸಿಯಸ್ ಹಿತ. ಆಲ್ಫಾ ಅಮೈಲೇಸ್ ಸರಪಳಿಯನ್ನು ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಉಳಿಯುವ ತುಂಡುಗಳಲ್ಲಿ ಕೆಲವು ಯೀಸ್ಟ್‌ಗೆ ದಕ್ಕದಷ್ಟು ಉದ್ದ. ಇದಕ್ಕೆ 68ರಿಂದ 72 ಡಿಗ್ರಿ ಬೇಕು. ಹಾಗಾಗಿ 64 ಡಿಗ್ರಿಯಲ್ಲಿ ಮ್ಯಾಶ್ ಮಾಡಿದ ಬಿಯರ್ ಹಗುರ, ಒಣಗು ರುಚಿ. 69ರಲ್ಲಿ ಮಾಡಿದ್ದು ದಪ್ಪ, ಸಿಹಿ ಉಳಿದದ್ದು. ಐದು ಡಿಗ್ರಿಯ ಅಂತರ ಲೋಟದಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. 75 ದಾಟಿದರೆ ಕಿಣ್ವಗಳು ಬೇಗ ಬೇಗ ಸಾಯತೊಡಗುತ್ತವೆ. ಮೊದಲ ಸಲಕ್ಕೆ ಎರಡರ ನಡುವೆ, 66 ಡಿಗ್ರಿ ಇಟ್ಟುಕೊಳ್ಳಿ.

ಈಗ ಅಳತೆ. ಹೊಸಬರಿಗೆ ಹತ್ತು ಲೀಟರ್ ಸರಿಯಾದ ಪ್ರಮಾಣ. ಅದಕ್ಕೆ 19 ಲೀಟರ್‌ನ ಸ್ಟೀಲ್ ಪಾತ್ರೆ ಸಾಕು. ಒಳ್ಳೆಯ ಗ್ಯಾಸ್ ಒಲೆಯಲ್ಲಿ ಕುದಿ ಬರುತ್ತದೆ, ಚೀಲವನ್ನು ಒಬ್ಬರೇ ಎತ್ತಬಹುದು. ಸಾಧಾರಣ ಪೇಲ್ ಏಲ್‌ಗೆ 2.1 ಕಿಲೋ ಏಲ್ ಮಾಲ್ಟ್, ಬಣ್ಣಕ್ಕೂ ಕ್ಯಾರಮೆಲ್ ರುಚಿಗೂ 200 ಗ್ರಾಂ ತಿಳಿ ಕ್ರಿಸ್ಟಲ್ ಮಾಲ್ಟ್, 45 ಗ್ರಾಂ ಕ್ಯಾಸ್ಕೇಡ್ ಹಾಪ್ಸ್, ಒಂದು ಪೊಟ್ಟಣ ಒಣ ಏಲ್ ಯೀಸ್ಟ್. ನೀರಿನ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಹುದುಗಲು ಇಡುವುದು 10 ಲೀಟರ್, ಪಾತ್ರೆಯ ತಳದ ಗಸಿಯಲ್ಲಿ ಹೋಗುವುದು 1, ಒಂದು ಗಂಟೆಯ ಕುದಿಯಲ್ಲಿ ಆವಿಯಾಗುವುದು ಸುಮಾರು 3, ಹಿಂಡಿದ ಮೇಲೂ ಕಾಳು ಹಿಡಿದಿಟ್ಟುಕೊಳ್ಳುವುದು ಕಿಲೋಗೆ ಸುಮಾರು 0.7 ಲೀಟರ್‌ನಂತೆ 1.6. ಒಟ್ಟು ಹತ್ತಿರ ಹತ್ತಿರ 15.5 ಲೀಟರ್. ನುಚ್ಚು ಸೇರಿದರೆ ಮಟ್ಟ 17ಕ್ಕೆ ಏರುತ್ತದೆ, ಪಾತ್ರೆಯಲ್ಲಿ ಹಿಡಿಸುತ್ತದೆ. ಆವಿಯ ಲೆಕ್ಕ ಮಾತ್ರ ಒಲೆಗೂ ಪಾತ್ರೆಯ ಅಗಲಕ್ಕೂ ತಕ್ಕಂತೆ ಬದಲಾಗುತ್ತದೆ. ಬರಿ ನೀರನ್ನೇ ಒಂದು ಗಂಟೆ ಕುದಿಸಿ ಎಷ್ಟು ಇಳಿಯಿತೆಂದು ಮೊದಲೇ ಅಳೆದಿಟ್ಟುಕೊಂಡರೆ ಮುಂದೆ ಊಹಿಸುವ ಪ್ರಮೇಯ ಬರುವುದಿಲ್ಲ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದೇ ಇರುತ್ತದೆ. ಅದು ಬಿಯರ್‌ನ ಫೀನಾಲ್‌ಗಳ ಜೊತೆ ಕೂಡಿದರೆ ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಬರುತ್ತದೆ, ಆಮೇಲೆ ಹೋಗುವುದೇ ಇಲ್ಲ. ಕ್ಯಾಮ್ಡೆನ್ ಮಾತ್ರೆಯ ಕಾಲು ಭಾಗ ಪುಡಿಮಾಡಿ ಕದಡಿದರೆ ಈ ಕಾಟ ತಪ್ಪುತ್ತದೆ. ಮೆಲ್ಬರ್ನ್‌ನ ನೀರು ಮೆದು, ಬೇರೇನೂ ಬೇಕಿಲ್ಲ. ಲಂಡನ್‌ನಂಥ ಗಡಸು ನೀರಿನ ಊರಲ್ಲಿ ಇಂಥ ತಿಳಿ ಬಣ್ಣದ ಬಿಯರ್ ಮಾಡುವಾಗ ಮ್ಯಾಶ್‌ನ ಪಿಎಚ್ 5.2ರಿಂದ 5.6ರ ಒಳಗೆ ಬರಲು ತುಸು ಲ್ಯಾಕ್ಟಿಕ್ ಆಮ್ಲ ಬೇಕಾಗಬಹುದು.

ಮಾಲ್ಟನ್ನು ಅಂಗಡಿಯಲ್ಲೇ ಒಡೆಸಿಕೊಳ್ಳಿ, ಮಾಮೂಲಿಗಿಂತ ಸಣ್ಣಗೆ ಬೇಕೆಂದು ಕೇಳಿ. ಮೂರು ಪಾತ್ರೆಯ ಕ್ರಮದಲ್ಲಿ ಕಾಳಿನ ಹೊಟ್ಟೇ ಸೋಸುವ ಪದರವಾದ್ದರಿಂದ ನುಚ್ಚು ಒರಟಾಗಿರಬೇಕು, ಇಲ್ಲವಾದರೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಸೋಸುವುದು ಬಟ್ಟೆ. ಸಣ್ಣ ನುಚ್ಚಿನಿಂದ ಪಿಷ್ಟ ಸಲೀಸಾಗಿ ಹೊರಬರುತ್ತದೆ. ಕಾಳಿನ ಮೇಲೆ ಬಿಸಿನೀರು ಸುರಿದು ತೊಳೆಯುವ ಹಂತವಿಲ್ಲದೆಯೂ ಚೀಲದ ಕ್ರಮ ಹೆಚ್ಚು ಸಕ್ಕರೆ ಕಳೆದುಕೊಳ್ಳದಿರುವುದು ಇದರಿಂದಲೇ. ಹಿಟ್ಟಾಗುವಷ್ಟು ಬೀಸುವುದು ಬೇಡ. ಕಾಳು ನಾಲ್ಕಾರು ಚೂರಾಗಿ, ಹೊಟ್ಟು ಹರಿದು, ಜೊತೆಗೆ ಸ್ವಲ್ಪ ಹಿಟ್ಟು ಇದ್ದರೆ ಹದ.

ಪಾತ್ರೆಯ ತಳಕ್ಕೆ ಸ್ಟೀಲ್ ಜಾಲರಿ ಅಥವಾ ಸಣ್ಣ ಸ್ಟ್ಯಾಂಡ್ ಇಟ್ಟು ನೀರನ್ನು 69 ಡಿಗ್ರಿಗೆ ಕಾಯಿಸಿ. ನುಚ್ಚು ಕೋಣೆಯ ಬಿಸಿಯಲ್ಲಿದ್ದರೆ ಸೇರಿದ ಮೇಲೆ ಮೂರು ಡಿಗ್ರಿ ಇಳಿದು 66ಕ್ಕೆ ನಿಲ್ಲುತ್ತದೆ. ನೀರೆಲ್ಲ ಒಟ್ಟಿಗೇ ಇರುವುದರಿಂದ ಇಳಿತ ಇಷ್ಟು ಕಡಿಮೆ. ಒಲೆ ಆರಿಸಿ ಚೀಲವನ್ನು ಹರವಿ, ಅಂಚನ್ನು ಪಾತ್ರೆಯ ಬಾಯಿಗೆ ಕ್ಲಿಪ್ಪು ಹಾಕಿ ಬಿಗಿಯಿರಿ. ಒಬ್ಬರು ನುಚ್ಚು ಸುರಿಯುತ್ತಿರಲಿ, ಇನ್ನೊಬ್ಬರು ಉದ್ದನೆಯ ಸೌಟಿನಲ್ಲಿ ತಿರುವುತ್ತಿರಲಿ. ಗಂಟು ಕಟ್ಟಿದ ಉಂಡೆಯೊಳಗೆ ಒಣ ಹಿಟ್ಟು ಹಾಗೇ ಉಳಿದುಬಿಡುತ್ತದೆ, ಒಂದೊಂದನ್ನೂ ಪಾತ್ರೆಯ ಬದಿಗೆ ಒತ್ತಿ ಒಡೆಯಬೇಕು. ಥರ್ಮಾಮೀಟರನ್ನು ಎರಡು ಮೂರು ಕಡೆ ಅದ್ದಿ ನೋಡಿ, ಮುಚ್ಚಳ ಹಾಕಿ, ದಪ್ಪ ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. ಕಂಬಳಿ ಸುತ್ತಿರುವಾಗ ಒಲೆ ಹಚ್ಚುವಂತಿಲ್ಲ. ಬಿಸಿ ಕೊಡಬೇಕೆನಿಸಿದರೆ ಕಂಬಳಿ ತೆಗೆದು, ಸಣ್ಣ ಉರಿಯಲ್ಲಿ, ತಿರುವುತ್ತಲೇ ಕೊಡಿ. ತಳದಲ್ಲಿ ಜಾಲರಿ ಇಲ್ಲದಿದ್ದರೆ ಪಾಲಿಯೆಸ್ಟರ್ ಅಂಟಿ ಕರಗುತ್ತದೆ.

ಹದಿನೈದು ನಿಮಿಷ ಕಳೆದು ಮುಚ್ಚಳ ತೆಗೆದರೆ ಹಾಲಿನಂತೆ ಬೆಳ್ಳಗಿದ್ದ ನೀರು ತಿಳಿಯಾಗುತ್ತ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಚಮಚ ಆರಿಸಿ ನಾಲಿಗೆಗೆ ಹಚ್ಚಿಕೊಳ್ಳಿ: ಸಕ್ಕರೆ ಒಂದು ಹರಳೂ ಹಾಕದ ಆ ನೀರು ಸಿಹಿಯಾಗಿರುತ್ತದೆ. ಪಿಷ್ಟ ಪೂರ್ತಿ ಸಕ್ಕರೆಯಾಗಿದೆಯೇ ಎಂದು ತಿಳಿಯಲು ಬಿಳಿ ತಟ್ಟೆಯ ಮೇಲೆ ನಾಲ್ಕು ಹನಿ ವರ್ಟ್ ಹಾಕಿ ಅದಕ್ಕೆ ಒಂದು ಹನಿ ಟಿಂಚರ್ ಅಯೊಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಇದೆ, ಇನ್ನೊಂದಿಷ್ಟು ಹೊತ್ತು ಬಿಡಬೇಕು. ಅಯೊಡಿನ್ ಬಣ್ಣವೇ ಉಳಿದರೆ ಮ್ಯಾಶ್ ಮುಗಿಯಿತು. ಪರೀಕ್ಷೆಗೆ ತೆಗೆದ ಹನಿಯನ್ನು ಚೆಲ್ಲಿಬಿಡಿ.

ಮುಗಿದ ಮೇಲೆ ತಿರುವುತ್ತ 76 ಡಿಗ್ರಿಯವರೆಗೆ ಬಿಸಿಮಾಡಿ. ವರ್ಟ್ ತೆಳುವಾಗಿ ಸಲೀಸಾಗಿ ಸೋರುತ್ತದೆ. ಈಗ ಚೀಲ ಎತ್ತುವ ಹೊತ್ತು. ನಾಲ್ಕೂ ಅಂಚು ಒಟ್ಟುಗೂಡಿಸಿ ಹಗ್ಗ ಬಿಗಿದು ನಿಧಾನವಾಗಿ ಮೇಲೆತ್ತಬೇಕು, ಎಳೆದಾಡಬಾರದು. ಒದ್ದೆ ಚೀಲ ಐದು ಕಿಲೋ ತೂಗುತ್ತದೆ, ಸೋರುವುದು ಕೈ ಸುಡುವ ರಸ. ಉದ್ದ ತೋಳಿನ ಅಂಗಿ, ಮುಚ್ಚಿದ ಚಪ್ಪಲಿ, ರಬ್ಬರ್ ಕೈಗವಸು ಇರಲಿ, ಮಕ್ಕಳು ಅಡುಗೆಮನೆಯ ಹೊರಗಿರಲಿ. ಪಾತ್ರೆಯ ಬಾಯಿಗೆ ಒಲೆಯ ಜಾಲರಿಯೊಂದನ್ನು ಅಡ್ಡ ಇಟ್ಟು ಅದರ ಮೇಲೆ ಚೀಲ ಕೂರಿಸಿದರೆ ತಾನೇ ಸೋರುತ್ತದೆ, ಆಮೇಲೆ ಹಿಂಡಿ. ಹಿಂಡಿದರೆ ಒಗರು ಬರುತ್ತದೆ ಎಂಬ ಮಾತನ್ನು ಹಳೆಯ ಪುಸ್ತಕಗಳಿಂದ ಇವತ್ತಿನವರೆಗೂ ಹೇಳುತ್ತ ಬಂದಿದ್ದಾರೆ. ಹೊಟ್ಟಿನ ಟ್ಯಾನಿನ್ ಇಳಿಯುವುದು ಪಿಎಚ್ ಆರರ ಹತ್ತಿರ ಹೋಗಿ ಜೊತೆಗೆ ಬಿಸಿಯೂ ಹೆಚ್ಚಿದಾಗ, ಕೈಯ ಒತ್ತಡದಿಂದಲ್ಲ. ಧೈರ್ಯವಾಗಿ ಹಿಂಡಿ, ಅದರಲ್ಲೇ ಒಂದು ಲೀಟರ್ ಸಿಹಿ ರಸ ಅಡಗಿರುತ್ತದೆ. ಉಳಿದ ಹಿಪ್ಪೆ ಗೊಬ್ಬರಕ್ಕೂ ಕೋಳಿಗಳಿಗೂ ಆಗುತ್ತದೆ. ಒಣಗಿಸಿ ಬೀಸಿ ಒಂದು ಹಿಡಿ ಚಪಾತಿ ಹಿಟ್ಟಿಗೆ ಬೆರೆಸಿದರೆ ನಾರಿನಂಶ ಹೆಚ್ಚುತ್ತದೆ, ರುಚಿಯೂ ಚೆನ್ನ.

ಪಾತ್ರೆಯಲ್ಲಿ ಈಗ ಸುಮಾರು 14 ಲೀಟರ್ ಇರುತ್ತದೆ. ಒಲೆ ಪೂರ್ತಿ ಉರಿಸಿ, ಮುಚ್ಚಳ ತೆಗೆದಿಡಿ. ಕಾಳಿನಿಂದ ಬರುವ ಗಂಧಕದ ಸಂಯುಕ್ತಗಳು ಆವಿಯಲ್ಲಿ ಹೋಗಬೇಕು, ಮುಚ್ಚಿ ಕುದಿಸಿದ ಬಿಯರ್ ಬೇಯಿಸಿದ ಮೆಕ್ಕೆಜೋಳದ ವಾಸನೆ ಹೊಡೆಯುತ್ತದೆ. ಕುದಿ ಹತ್ತುವ ಆ ಎರಡು ನಿಮಿಷ ಅತ್ತಿತ್ತ ಹೋಗಬಾರದು. ಪ್ರೋಟೀನು ನೊರೆಯಾಗಿ ಒಮ್ಮೆಲೇ ಏರಿ ಒಲೆಯ ಮೇಲೆ ಉಕ್ಕಿಬಿಡುತ್ತದೆ, ಆ ಅಂಟು ಉಜ್ಜುವುದು ಅರ್ಧ ದಿನದ ಕೆಲಸ. ಉರಿ ತಗ್ಗಿಸಿ, ಸೌಟಾಡಿಸಿ, ತಣ್ಣೀರು ಚಿಮುಕಿಸಿದರೆ ನೊರೆ ಕೂರುತ್ತದೆ.

ನೊರೆ ಇಳಿದ ಮೇಲೆ 15 ಗ್ರಾಂ ಹಾಪ್ಸ್ ಹಾಕಿ ಒಂದು ಗಂಟೆಯ ಲೆಕ್ಕ ಶುರುಮಾಡಿ. ಹಾಪ್ಸ್‌ನಲ್ಲಿರುವ ಆಲ್ಫಾ ಆಮ್ಲಗಳು ಹೊತ್ತು ಕುದಿದಷ್ಟೂ ರೂಪ ಬದಲಿಸಿ ಕಹಿಯಾಗುತ್ತವೆ, ಅದೇ ಹೊತ್ತಿಗೆ ಪರಿಮಳದ ಎಣ್ಣೆಗಳು ಆವಿಯಾಗಿ ಹೋಗುತ್ತವೆ. ಆದ್ದರಿಂದ ಮೊದಲ ಕಂತು ಕಹಿಗೆ. ಮುಗಿಯಲು ಹತ್ತು ನಿಮಿಷ ಇರುವಾಗ ಹಾಕುವ ಇನ್ನೊಂದು 15 ಗ್ರಾಂ ರುಚಿಗೆ. ಒಲೆ ಆರಿಸಿದ ಮೇಲೆ ಹಾಕುವ ಕೊನೆಯ 15 ಗ್ರಾಂ ಮೂಗಿಗೆ; ಕ್ಯಾಸ್ಕೇಡ್ ಆದರೆ ಚಕ್ಕೋತದ ಸಿಪ್ಪೆಯನ್ನು ನೆನಪಿಸುವ ಘಮ. ಮನೆಯಲ್ಲಿ ನಾಯಿ ಇದ್ದರೆ ಒಂದು ಎಚ್ಚರಿಕೆ: ಬಳಸಿದ ಹಾಪ್ಸ್ ನಾಯಿಗೆ ವಿಷ, ಮೈಬಿಸಿ ಏರಿ ಪ್ರಾಣಕ್ಕೇ ಅಪಾಯ. ಹಿತ್ತಲಿನ ಗೊಬ್ಬರದ ಗುಂಡಿಗೂ ಹಾಕಬೇಡಿ, ಕಟ್ಟಿ ಕಸಕ್ಕೆ ಕೊಡಿ.

ಕುದಿ ನಿಂತ ಕ್ಷಣದಿಂದ ಕೆಲಸದ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ಅಡುಗೆಮನೆಯ ಶುಚಿ ಸಾಕು. ಇನ್ನು ಮುಂದೆ ವರ್ಟ್‌ಗೆ ತಾಗುವ ಪ್ರತಿಯೊಂದೂ, ಹುದುಗಿಸುವ ಪಾತ್ರೆಯಾದ ಫರ್ಮೆಂಟರ್, ಮುಚ್ಚಳ, ಕೊಳವೆ, ಚಮಚ, ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ ಕೂಡ, ಸ್ಯಾನಿಟೈಸರ್‌ನಲ್ಲಿ ಅದ್ದಿ ತೆಗೆದದ್ದಾಗಿರಬೇಕು. ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ, ಎರಡೂ ಬೇಕು. ತೊಳೆಯಲು ಸೋಡಿಯಂ ಪರ್‌ಕಾರ್ಬೊನೇಟ್ ಒಳ್ಳೆಯದು. ಪಾತ್ರೆಯ ಸೋಪು ಉಳಿದರೆ ಬಿಯರ್‌ನ ನೊರೆ ನಿಲ್ಲುವುದಿಲ್ಲ. ಆಮೇಲೆ ಫಾಸ್ಫರಿಕ್ ಆಮ್ಲದ, ಮತ್ತೆ ತೊಳೆಯಬೇಕಿಲ್ಲದ ಸ್ಯಾನಿಟೈಸರನ್ನು ಪೊಟ್ಟಣದ ಮೇಲಿನ ಅಳತೆಯಂತೆ ಬೆರೆಸಿ ಬಳಸಿ. ಸಿಹಿ, ಬೆಚ್ಚಗಿನ ವರ್ಟ್ ಯೀಸ್ಟ್‌ಗೆ ಎಷ್ಟು ಪ್ರಿಯವೋ ಗಾಳಿಯಲ್ಲಿ ತೇಲುವ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಪ್ರಿಯ. ನಮ್ಮ ಯೀಸ್ಟ್ ಮೊದಲು ಇಳಿದು ಜಾಗ ಹಿಡಿಯುವಂತೆ ನೋಡಿಕೊಳ್ಳುವುದೇ ಈ ಶುಚಿಯ ಗುರಿ.

ಹತ್ತು ಲೀಟರ್ ಆರಿಸುವುದು ಕಷ್ಟವಲ್ಲ. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ತಣ್ಣೀರು, ಐಸ್ ತುಂಬಿ ಪಾತ್ರೆ ಇಳಿಸಿ, ನೀರು ಬಿಸಿಯಾದಂತೆ ಬದಲಿಸುತ್ತಿದ್ದರೆ ಮುಕ್ಕಾಲು ಗಂಟೆಯೊಳಗೆ 20 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ನೀರಿಗೆ ಬರವಿದ್ದ ವರ್ಷಗಳಲ್ಲಿ ಆಸ್ಟ್ರೇಲಿಯಾದವರು ಇದಕ್ಕೂ ಒಂದು ದಾರಿ ಹುಡುಕಿಕೊಂಡರು. ಕುದಿಬಿಸಿ ವರ್ಟನ್ನು ನೇರವಾಗಿ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಚೌಕ ಕ್ಯಾನಿಗೆ ತುಂಬಿ, ಬದಿ ಒತ್ತಿ ಗಾಳಿ ಹೊರಹಾಕಿ, ಮುಚ್ಚಳ ಬಿಗಿದು, ಮಗ್ಗುಲಾಗಿ ಮಲಗಿಸಿಡುವುದು. ಆ ಬಿಸಿಯೇ ಕ್ಯಾನನ್ನೂ ಮುಚ್ಚಳವನ್ನೂ ಶುದ್ಧಮಾಡುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ತಾನೇ ಆರುತ್ತದೆ. ನೀರು ಒಂದು ತಂಬಿಗೆಯೂ ಖರ್ಚಾಗುವುದಿಲ್ಲ. ಇದಕ್ಕೆ ನೋ ಚಿಲ್ ಎಂದು ಹೆಸರು. ಹೀಗೆ ಮಾಡುವವರು ಎರಡು ಮಾತು ನೆನಪಿಡಬೇಕು. ಬಿಸಿ ತುಂಬ ಹೊತ್ತು ಉಳಿಯುವುದರಿಂದ ಕೊನೆಯ ಹಾಪ್ಸ್ ಕೂಡ ಕಹಿ ಬಿಡುತ್ತವೆ, ಆದ್ದರಿಂದ ಕಂತುಗಳನ್ನು ಹದಿನೈದು ಇಪ್ಪತ್ತು ನಿಮಿಷ ತಡವಾಗಿ ಹಾಕಬೇಕು. ಮತ್ತು ಮರುದಿನವೇ ಯೀಸ್ಟ್ ಬೆರೆಸಬೇಕು. ಹುಳಿ ಕಡಿಮೆಯಿರುವ, ಗಾಳಿಯಾಡದ ವರ್ಟನ್ನು ಕ್ಯಾನಿನಲ್ಲಿ ದಿನಗಟ್ಟಲೆ ಹೊರಗಿಟ್ಟರೆ ಬಾಟ್ಯುಲಿಸಮ್ ವಿಷದ ಅಪಾಯವಿದೆ; ಮನೆಬಿಯರ್‌ನಲ್ಲಿ ನಿಜವಾಗಿ ಹೆದರಬೇಕಾದ ಕೆಲವೇ ಸಂಗತಿಗಳಲ್ಲಿ ಇದೊಂದು.

ಆರಿದ ವರ್ಟನ್ನು ಗಸಿ ಬಿಟ್ಟು ಫರ್ಮೆಂಟರ್‌ಗೆ ಎತ್ತರದಿಂದ ಸುರಿಯಿರಿ. ನೊರೆಯೇಳುವಂತೆ ಸುರಿಯಲು ಇದೊಂದೇ ಸಮಯ, ಯೀಸ್ಟ್ ಬೆಳೆಯಲು ಆಮ್ಲಜನಕ ಬೇಕು. ಹೈಡ್ರೋಮೀಟರ್ ಬಿಟ್ಟು ಸಾಂದ್ರತೆ ಬರೆದಿಟ್ಟುಕೊಳ್ಳಿ: ಈ ಅಳತೆಗೆ ಸುಮಾರು 1.047 ಬರಬೇಕು. ನಾಲ್ಕೈದು ಅಂಕ ಕಡಿಮೆ ಬಂದರೆ ನುಚ್ಚು ಒರಟಾಯಿತೆಂದೋ ನೀರು ಹೆಚ್ಚಾಯಿತೆಂದೋ ಅರ್ಥ, ಬಿಯರ್ ಕೆಟ್ಟಿತೆಂದಲ್ಲ. ಯೀಸ್ಟ್ ಉದುರಿಸಿ, ಮುಚ್ಚಿ, ಗಾಳಿ ಒಳಬಿಡದೆ ಅನಿಲವನ್ನು ಹೊರಬಿಡುವ ಏರ್‌ಲಾಕ್ ಹಾಕಿ 18ರಿಂದ 20 ಡಿಗ್ರಿಯಲ್ಲಿ ಇಡಿ. ಹುದುಗುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುವುದರಿಂದ ಒಳಗಿನ ಬಿಸಿ ಕೋಣೆಗಿಂತ ಎರಡು ಮೂರು ಡಿಗ್ರಿ ಹೆಚ್ಚಿರುತ್ತದೆ. ಬಿಸಿ ಏರಿದರೆ ಉಗುರುಬಣ್ಣದ ದ್ರಾವಕದಂಥ ವಾಸನೆ, ಮರುದಿನ ತಲೆನೋವು. ಬೇಸಿಗೆಯಲ್ಲಿ ಫರ್ಮೆಂಟರನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಒದ್ದೆ ಟವೆಲ್ ಹೊದಿಸಿ, ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬೆಳಗ್ಗೆ ಸಂಜೆ ಬದಲಿಸುತ್ತಿದ್ದರೆ ಸಾಕು. ಬ್ರಿಸ್ಬೇನ್, ಡಾರ್ವಿನ್ ಕಡೆಯ ಸೆಕೆಗೆ ನಾರ್ವೆಯ ಕ್ವೈಕ್ ಯೀಸ್ಟ್ ಇನ್ನೂ ವಾಸಿ; 30 ಡಿಗ್ರಿ ಮೀರಿದರೂ ಅದು ಶುದ್ಧವಾಗಿ ಹುದುಗುತ್ತದೆ.

ಏರ್‌ಲಾಕಿನ ಗುಳ್ಳೆ ನಿಂತಿತೆಂದು ಹುದುಗುವಿಕೆ ಮುಗಿಯಿತೆಂದುಕೊಳ್ಳಬೇಡಿ, ಮುಚ್ಚಳ ಸಡಿಲವಾಗಿದ್ದರೂ ಗುಳ್ಳೆ ಬರುವುದಿಲ್ಲ. ಹತ್ತು ಹನ್ನೆರಡು ದಿನ ಬಿಟ್ಟು ಹೈಡ್ರೋಮೀಟರ್‌ನಲ್ಲಿ ನೋಡಿ, ಮೂರು ದಿನ ಬಿಟ್ಟು ಮತ್ತೆ ನೋಡಿ. ಎರಡು ಸಲವೂ 1.011ರ ಆಸುಪಾಸಿನಲ್ಲಿ ಒಂದೇ ಅಂಕ ಬಂದರೆ ಮುಗಿಯಿತು. ಮದ್ಯಸಾರ ಸುಮಾರು 4.7 ಶೇಕಡ. ಅವಸರಪಟ್ಟು ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಒಳಗೇ ಹುದುಗಿ ಗಾಜು ಸಿಡಿಯುತ್ತದೆ. ಮೊದಲ ಸಲ ಬಿಯರ್‌ಗೆಂದೇ ಮಾಡಿದ ಪೆಟ್ ಬಾಟಲಿ ಬಳಸುವುದು ಕ್ಷೇಮ, ಒತ್ತಿ ನೋಡಿದರೆ ಒಳಗಿನ ಒತ್ತಡವೂ ಗೊತ್ತಾಗುತ್ತದೆ.

ಬಾಟಲಿಗೆ ತುಂಬುವಾಗ ಲೀಟರ್‌ಗೆ 6 ಗ್ರಾಂನಂತೆ ಸಕ್ಕರೆ ಬೇಕು, ಹತ್ತು ಲೀಟರ್‌ಗೆ 60 ಗ್ರಾಂ. ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ ಇನ್ನೊಂದು ಶುದ್ಧ ಬಕೆಟ್‌ಗೆ ಹಾಕಿ, ಅದರ ಮೇಲೆ ಬಿಯರನ್ನು ಕೊಳವೆಯಿಂದ ಸದ್ದಿಲ್ಲದೆ ಇಳಿಸಿದರೆ ಸಮನಾಗಿ ಬೆರೆಯುತ್ತದೆ. ಈ ಹಂತದಲ್ಲಿ ಗಾಳಿ ಸೇರಬಾರದು. ಸೇರಿದರೆ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿ. ಇಪ್ಪತ್ತು ಡಿಗ್ರಿಯ ಸುಮಾರಿನಲ್ಲಿ ಎರಡು ವಾರ ಕತ್ತಲಲ್ಲಿಟ್ಟು, ಆಮೇಲೆ ಫ್ರಿಜ್ಜಿನಲ್ಲಿ ನಿಲ್ಲಿಸಿ, ತಳದ ಯೀಸ್ಟ್ ಕದಡದಂತೆ ಒಂದೇ ಸಲಕ್ಕೆ ಬಗ್ಗಿಸಿ.

ಎರಡನೆಯ ಸಲ ಅಳತೆ, ಹಾಪ್ಸ್, ಯೀಸ್ಟ್ ಯಾವುದನ್ನೂ ಬದಲಿಸದೆ ಮ್ಯಾಶ್ ಬಿಸಿಯೊಂದನ್ನೇ 64ಕ್ಕೋ 69ಕ್ಕೋ ಸರಿಸಿ ನೋಡಿ. ಎರಡು ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ಕುಡಿದರೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಕಿಣ್ವಗಳ ಕೆಲಸ ತಿಳಿಯುತ್ತದೆ. ಇಪ್ಪತ್ತು ಲೀಟರ್‌ಗೆ ಹೋಗುವ ಮನಸ್ಸಿದ್ದರೆ ಪಾತ್ರೆ 40 ಲೀಟರ್‌ನದಿರಲಿ, ಒಲೆ ಹೊರಾಂಗಣದ ದೊಡ್ಡ ಗ್ಯಾಸ್ ಬರ್ನರ್ ಇರಲಿ. ಆಗ ಒದ್ದೆ ಚೀಲ ಹತ್ತು ಕಿಲೋ ಮುಟ್ಟುತ್ತದೆ. ಅದನ್ನು ಕೈಯಲ್ಲಿ ಎತ್ತುವ ಸಾಹಸ ಬೇಡ. ಪಾತ್ರೆಯ ನೇರಕ್ಕೆ ಮೇಲಿನ ತೊಲೆಗೆ ಕೊಕ್ಕೆ ಹಾಕಿ ಸಣ್ಣ ರಾಟೆ ಕಟ್ಟಿಕೊಳ್ಳಿ.